ಸಾರಥಿಯಿಲ್ಲದ ಕುರುಕ್ಷೇತ್ರ: ಪೌರಾಣಿಕ ಸಾಹಸಕಥನದ ರೂಢಿಗಳು ಮತ್ತು ಮೈಸೂರಿನ ಪಡುವಣ ತಾಲ್ಲೂಕುಗಳು

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯನ್ನು ಈಗ ಎಲ್ಲರೂ ದೇವರಾಜ ಅರಸರ ಊರೆಂದೇ ಗುರುತಿಸುತ್ತಾರೆ. ಅರಸರಿಗಿಂತ ನಾಲ್ಕು ಶತಮಾನ ಮೊದಲು ಆ ಊರಿಗೆ ಹೆಸರು ತಂದವನು ಮೂರನೆಯ ಮಂಗರಸ. ‘ಸೂಪಶಾಸ್ತ್ರ’ ಎಂಬ ಪಾಕಗ್ರಂಥವನ್ನೂ ಬರೆದ ಈ ಜೈನ ಕವಿ 1508ರ ಸುಮಾರಿಗೆ ‘ಸಮ್ಯಕ್ತ್ವ ಕೌಮುದಿ’ಯನ್ನು ರಚಿಸಿದ. ಅರ್ಹದ್ದಾಸನೆಂಬ ಸೆಟ್ಟಿ ತನ್ನ ಎಂಟು ಹೆಂಡಿರೊಡನೆ ಒಂದು ರಾತ್ರಿ ಕುಳಿತು, ತಮ್ಮ ತಮ್ಮ ನಂಬಿಕೆ ಗಟ್ಟಿಯಾದದ್ದು ಯಾವ ಪವಾಡದಿಂದ ಎಂಬ ಕಥೆಗಳನ್ನು ಹೇಳಿಸಿ ಕೇಳುತ್ತಾನೆ. ಪ್ರತಿ ಕಥೆಗೂ ಏಳು ಮಂದಿ ತಲೆದೂಗಿದರೆ, ಕಿರಿಯವಳಾದ ಕುಂದಲತೆ ಮಾತ್ರ ‘ಇದೆಲ್ಲ ಸುಳ್ಳು, ನಾನು ನಂಬೆ’ ಎಂದುಬಿಡುತ್ತಾಳೆ. ಹೊರಗೆ ಕದ್ದು ಕೇಳುತ್ತಿರುವ ರಾಜ, ಮಂತ್ರಿ, ಕಳ್ಳ ಮೂವರಿಗೂ ಅವಳ ಮೇಲೆ ಸಿಟ್ಟು. ಅವಳ ಅಪನಂಬಿಕೆಯೇ ಕಥೆಯಿಂದ ಕಥೆಗೆ ಕೊಂಡಿ. ಎಲ್ಲರೂ ಒಪ್ಪಿಬಿಟ್ಟಿದ್ದರೆ ಮುಂದಿನ ಕಥೆಗೆ ಆ ಬಿಗಿ ಎಲ್ಲಿಂದ ಬರಬೇಕು?

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಥನಪರಂಪರೆಯಲ್ಲಿ ಈ ಕುಂದಲತೆಯ ಸ್ಥಾನ ಬೇರೆ ಬೇರೆ ವೇಷದಲ್ಲಿ ಮುಂದುವರಿದಿದೆ ಎಂಬುದು ಈ ಲೇಖನದ ವಾದ. ದೇವರು, ರಾಕ್ಷಸ, ಶಾಪ, ವರ, ಮಾಯಾಯುದ್ಧಗಳ ಅತಿರಂಜಿತ ಕಥೆಯೊಳಗೆ ಆ ಕಥೆಯನ್ನೇ ಪ್ರಶ್ನಿಸುವ, ಗೇಲಿ ಮಾಡುವ ಒಂದು ಪಾತ್ರಕ್ಕೆ ಜಾಗವಿರುವುದು ಇಲ್ಲಿಯ ಹಳೆಯ ರೂಢಿ. ಟಿವಿಯ ಪೌರಾಣಿಕ ಧಾರಾವಾಹಿಗಳು ಈ ಪರಂಪರೆಯಿಂದ ಅಬ್ಬರವನ್ನು ಪೂರ್ತಿಯಾಗಿ ತೆಗೆದುಕೊಂಡವು, ಪ್ರಶ್ನಿಸುವವನನ್ನು ಮಾತ್ರ ಹಿಂದೆ ಬಿಟ್ಟವು. ಧಾರಾವಾಹಿಗಳನ್ನು ನೋಡಿ ನಾವು ನಗುವುದಕ್ಕೂ, ನಾಟಕವನ್ನು ನೋಡುತ್ತ ನಗುವುದಕ್ಕೂ ಇರುವ ಅಂತರ ಇದೇ ಎಂದು ನನ್ನ ಎಣಿಕೆ.

ಅಂಗಡಿ ಕಿರೀಟ, ಗುಡುಗಿನ ಸದ್ದು, ಮುಗಿಯದ ಅಟ್ಟಹಾಸಗಳ ಈ ಗುಣವನ್ನು ಪಶ್ಚಿಮದ ವಿಮರ್ಶೆ ‘ಕ್ಯಾಂಪ್’ ಎನ್ನುತ್ತದೆ. ಸೂಸನ್ ಸೋಂಟಾಗ್ 1964ರ ಪ್ರಬಂಧದಲ್ಲಿ ಇದನ್ನು ಎರಡಾಗಿ ಒಡೆದು ನೋಡಿದರು. ತಾನು ಅತಿಯೆಂದು ಅರಿಯದೆ ಅತಿಯಾಗುವುದು ಒಂದು, ಅರಿತೇ ಆಡುವುದು ಇನ್ನೊಂದು. ನಮ್ಮ ಬಯಲಿನ ಮತ್ತು ಕಂಪನಿಯ ಆಟಗಳು ಎರಡನೆಯ ಬಗೆಯವು. ಅಲ್ಲಿ ಅತಿಯನ್ನು ಅಳೆದು ತೋರಿಸುವವನು ರಂಗದ ಮೇಲೆಯೇ ಇರುತ್ತಿದ್ದ.

ಸತ್ತವನು ಸಾಯದ ಕಥೆ

ಪಿರಿಯಾಪಟ್ಟಣ ಚಂಗಾಳ್ವರ ರಾಜಧಾನಿಯಾಗಿತ್ತು. ಅದೇ ವಂಶದ ನಂಜುಂಡ ಕವಿ 1525ರ ಸುಮಾರಿಗೆ ಬರೆದದ್ದು ಕುಮಾರರಾಮನ ಸಾಂಗತ್ಯ, ಅಥವಾ ‘ರಾಮನಾಥ ಚರಿತೆ’. ಈಗಿನ ಯಾವ ಧಾರಾವಾಹಿಯ ಕಥಾತಂಡವಾದರೂ ಈ ಕಾವ್ಯದ ಮುಂದೆ ಕೈಕಟ್ಟಿ ನಿಲ್ಲಬೇಕು. ಕಂಪಿಲರಾಯನ ಕಿರಿಯ ಹೆಂಡತಿ ರತ್ನಾಜಿ ಮಲಮಗ ರಾಮನನ್ನು ಬಯಸುತ್ತಾಳೆ. ಚೆಂಡಾಟದ ಚೆಂಡು ಅವಳ ಅರಮನೆಗೆ ಬಿದ್ದದ್ದೇ ನೆಪವಾಗುತ್ತದೆ. ರಾಮ ಒಪ್ಪದಿದ್ದಾಗ ಅವನ ಮೇಲೆಯೇ ದೂರು ಹೊರಿಸುತ್ತಾಳೆ. ರಾಯ ಮಗನ ತಲೆ ಕಡಿಯಿರೆಂದು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಅವನನ್ನೇ ಹೋಲುವವನ ತಲೆಯನ್ನು ತಂದು ತೋರಿಸುತ್ತಾನೆ. ಊರು ಅತ್ತು ಮುಗಿಸಿದ ಮೇಲೆ ದೆಹಲಿಯ ಸೈನ್ಯ ಬಂದಾಗ, ಸತ್ತನೆಂದುಕೊಂಡವನು ಕುದುರೆಯೇರಿ ಹೊರಬೀಳುತ್ತಾನೆ.

ಹುಸಿಮರಣ, ತದ್ರೂಪಿ, ಸೇಡಿನ ಮಲತಾಯಿ, ಬಾಯಿಬಿಡದ ಸ್ವಾಮಿಭಕ್ತ, ತಕ್ಕ ಗಳಿಗೆಯಲ್ಲಿ ಮರುಪ್ರವೇಶ: ಧಾರಾವಾಹಿಯ ಸರಕೆಲ್ಲ ಇಲ್ಲಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಂಜುಂಡನ ಓದುಗನಿಗೆ ರಾಮ ಬದುಕಿರುವುದು ಮೊದಲೇ ಗೊತ್ತು. ಗೊತ್ತಿಲ್ಲದವರು ಕಥೆಯೊಳಗಿನ ರಾಯ ಮತ್ತು ಊರಿನವರು ಮಾತ್ರ. ಕೇಳುಗರನ್ನು ಬೆಚ್ಚಿಬೀಳಿಸುವ ಆಸೆ ಈ ಪರಂಪರೆಗೆ ಇಲ್ಲ, ಅವರನ್ನು ಗುಟ್ಟಿನೊಳಗೆ ಸೇರಿಸಿಕೊಳ್ಳುವುದೇ ಅದರ ರೀತಿ. ಯಾರು ಏನೆಂದು ಎಲ್ಲರಿಗೂ ತಿಳಿದಿರುವ ಪುರಾಣಕಥೆಗೆ ಇದಕ್ಕಿಂತ ಒಗ್ಗುವ ತಂತ್ರ ಬೇರೆಯಿಲ್ಲ. ಕಂಸ ಸಾಯುತ್ತಾನೆಂಬುದು ಊರಿನ ಮಗುವಿಗೂ ಗೊತ್ತಿರುವಾಗ, ಕಂಸನಿಗೆ ಗೊತ್ತಾಗುವುದು ಹೇಗೆ ಎಂಬುದಷ್ಟೇ ಉಳಿದ ಕುತೂಹಲ.

ಮೌಖಿಕ ಕಾವ್ಯಗಳಲ್ಲಿ ಇದೇ ಗುಣ ಇನ್ನೂ ದಟ್ಟವಾಗಿದೆ. ಕೃಷ್ಣರಾಜನಗರ ತಾಲ್ಲೂಕಿನ ಕಾವೇರಿ ದಡದ ಕಪ್ಪಡಿ ಮಂಟೇಸ್ವಾಮಿ ಪರಂಪರೆಯ ದೊಡ್ಡ ಕ್ಷೇತ್ರ. ರಾಚಪ್ಪಾಜಿ, ಚನ್ನಾಜಮ್ಮರ ಗದ್ದುಗೆಗಳಿರುವ ಇಲ್ಲಿ ಶಿವರಾತ್ರಿಯಿಂದ ಜಾತ್ರೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುವುದು ದೇವರ ವೈಭವದಲ್ಲಲ್ಲ. ಮೈತುಂಬ ರೋಗ ಹೊತ್ತ, ನಾರುವ ಭಿಕ್ಷುಕನಾಗಿ ಬಂದು ಶರಣರ ಡಂಭವನ್ನು ಬಯಲಿಗೆಳೆಯುತ್ತಾನೆ. ಗೇಲಿ ಮಾಡುವವನು ಇಲ್ಲಿ ಸ್ವತಃ ಗುರುವೇ. ಹಾಡು ನಿಂತು ಮಾತಿಗಿಳಿದಾಗ ಹಿಮ್ಮೇಳದವನು ಹೂಂಗುಟ್ಟುತ್ತಾನೆ, ನಡುವೆ ಪ್ರಶ್ನೆ ಎಸೆಯುತ್ತಾನೆ, ಕೆಲವೊಮ್ಮೆ ಕುಹಕವಾಡುತ್ತಾನೆ. ಕತೆಗಾರ ಆ ಕುಹಕಕ್ಕೂ ಉತ್ತರ ಹೇಳಿ ಮುಂದೆ ಸಾಗುತ್ತಾನೆ.

ಕಬಿನಿ ಹಿನ್ನೀರಿನ ಅಂಚಿನ ಭೀಮನಕೊಲ್ಲಿಯಲ್ಲಿ ಮಹದೇಶ್ವರನ, ಅಂದರೆ ಮಾದಪ್ಪನ, ಗುಡಿಯಿರುವ ಹೆಗ್ಗಡದೇವನಕೋಟೆ ಕಡೆಗೆ ಮಾದಪ್ಪನ ಕಾವ್ಯ ಹೊರಗಿನದಲ್ಲ. ಪಿ.ಕೆ. ರಾಜಶೇಖರ 1973ರಲ್ಲಿ ಪ್ರಕಟಿಸಿದ ಬೃಹತ್ ಸಂಗ್ರಹದಿಂದ ವಿದ್ವತ್ ಲೋಕಕ್ಕೂ ಅದು ಪರಿಚಿತವಾಯಿತು. ಶ್ರವಣನೆಂಬ ದೊರೆ ದೇವತೆಗಳನ್ನೆಲ್ಲ ಸೆರೆಹಿಡಿದು ಮನೆಗೆಲಸಕ್ಕೆ ಹಚ್ಚಿದ ಪ್ರಸಂಗವನ್ನು ದೇವರಗುಡ್ಡರ ಬಾಯಲ್ಲಿ ಕೇಳಬೇಕು. ಮುಕ್ಕೋಟಿ ದೇವರು ಕಸ ಹೊಡೆಯುವ, ನೀರು ಹೊರುವ ಚಿತ್ರ ನಗು ತರಿಸುತ್ತದೆ, ಆ ಕೆಲಸವನ್ನೇ ದಿನವೂ ಮಾಡುವ ಕೇಳುಗರಿಗೆ ಆ ನಗುವಿನ ರುಚಿಯೇ ಬೇರೆ. ಅಂಥ ಶ್ರವಣನನ್ನು ಮುಗಿಸಲು ಮಾದಪ್ಪನಿಗೆ ದಿವ್ಯಾಸ್ತ್ರ ಬೇಕಾಗುವುದಿಲ್ಲ. ಹರಳಯ್ಯ ಹೊಲಿದ ಎಕ್ಕಡದ ಉಪಾಯ ಸಾಕಾಗುತ್ತದೆ.

ವರ ಮತ್ತು ವರದೊಳಗಿನ ಸಂದು ಈ ಕಥನಪ್ರಕಾರದ ವ್ಯಾಕರಣವೆಂದೇ ಹೇಳಬಹುದು. ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಹೊತ್ತಿನಲ್ಲಿ ಹಿರಣ್ಯಕಶಿಪು ಸಾಯುವುದು, ತನ್ನ ಕೈ ತನ್ನ ತಲೆಯ ಮೇಲೆಯೇ ಬಂದು ಭಸ್ಮಾಸುರ ಉರಿಯುವುದು ಎಲ್ಲರಿಗೂ ಗೊತ್ತು. ಅತಿಮಾನುಷ ಶಕ್ತಿಗೆ ಒಂದು ಕಟ್ಟಳೆ ವಿಧಿಸಿದ ಕೂಡಲೇ ಕಥೆಗೆ ಲೆಕ್ಕಾಚಾರ ಬರುತ್ತದೆ, ಇಲ್ಲದಿದ್ದರೆ ದೇವರು ಮೊದಲ ಅಂಕದಲ್ಲೇ ಎಲ್ಲವನ್ನೂ ಮುಗಿಸಿಬಿಡಬಹುದು. ಸ್ಥಳಪುರಾಣಗಳೂ ಇದೇ ಕಟ್ಟಳೆಯಲ್ಲಿ ಯೋಚಿಸುತ್ತವೆ. ಚುಂಚನಕಟ್ಟೆಯಲ್ಲಿ ಧುಮ್ಮಿಕ್ಕುವ ಕಾವೇರಿಯ ಮೊರೆತ ಪಕ್ಕದ ಕೋದಂಡರಾಮನ ಗರ್ಭಗುಡಿಯೊಳಗೆ ಮಾತ್ರ ಕೇಳದು ಎಂಬ ನಂಬಿಕೆಯಲ್ಲಿ ಪವಾಡಕ್ಕೊಂದು ಗಡಿ ಹಾಕಿಕೊಟ್ಟಿದೆ.

ಸಾರಥಿ

ಮೂಡಲಪಾಯ ಯಕ್ಷಗಾನ ಹಳೆ ಮೈಸೂರಿನ ಬಯಲಾಟ. ಹಗುರ ಮರದಲ್ಲಿ ಕೆತ್ತಿ ಬಣ್ಣ ಬಳಿದ ಕಿರೀಟ, ಭುಜಕೀರ್ತಿ, ಎದೆಹಾರ, ಮುಖವೀಣೆ ಮದ್ದಳೆಗಳ ಹಿಮ್ಮೇಳ, ರಾತ್ರಿಯಿಡೀ ಆಟ. ಜೀ.ಶಂ. ಪರಮಶಿವಯ್ಯನವರು ಇದನ್ನು ಅಧ್ಯಯನಕ್ಕೂ ಪುನರುಜ್ಜೀವನಕ್ಕೂ ಎತ್ತಿಕೊಳ್ಳದಿದ್ದರೆ ಕರಾವಳಿಯ ಯಕ್ಷಗಾನದ ನೆರಳಿನಲ್ಲಿ ಇದು ಮರೆತೇ ಹೋಗುತ್ತಿತ್ತು. ಅವರೂ ಅವರ ಸಂಗಡಿಗರೂ ಕಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಜನಪದ ರಂಗದ ಗೊಂಬೆ, ವೇಷಭೂಷಣಗಳನ್ನು ನೋಡಬಹುದು. ಗಾಜಿನ ಪೆಟ್ಟಿಗೆಯೊಳಗೆ ಅವು ಸಾಧುವಾಗಿ ಕಾಣುತ್ತವೆ, ದೀಪದ ಬೆಳಕಿನಲ್ಲಿ ಹಾಗಿರಲಿಲ್ಲ.

ಈ ಆಟದ ಜೀವ ಸಾರಥಿ. ಪಾತ್ರವೊಂದು ತೆರೆಯ ಹಿಂದಿನಿಂದ ಕುಣಿಯುತ್ತ ಬಂದು ಒಡ್ಡೋಲಗ ಕೊಟ್ಟಾಗ ಅದನ್ನು ತಡೆದು, ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುವವನು ಅವನು. ದುರ್ಯೋಧನನಾದರೂ ಉತ್ತರಿಸದೆ ಮುಂದಕ್ಕೆ ಹೋಗುವಂತಿಲ್ಲ. ದುರ್ಯೋಧನನದು ಗ್ರಾಂಥಿಕ ಭಾಷೆ, ಸಾರಥಿಯದು ಊರಿನ ಮಾತು. ಹಸ್ತಿನಾವತಿಯ ವಿಷಯ ಕೇಳುತ್ತಲೇ ಪಕ್ಕದ ಊರಿನ ಸಂತೆಯನ್ನೂ ಈ ವರ್ಷದ ಮಳೆಯನ್ನೂ ಎಳೆದು ತರುತ್ತಾನೆ. ಕಾಲ ಕಲಸಿಹೋಯಿತೆಂದು ಯಾರೂ ಗೊಣಗುವುದಿಲ್ಲ. ಪುರಾಣದ ಕಾಲ ಮತ್ತು ಕೂತವರ ಕಾಲ ಎರಡರಲ್ಲೂ ಕಾಲಿಟ್ಟು ನಿಲ್ಲುವುದೇ ಅವನ ಕೆಲಸ. ತೊಗಲುಗೊಂಬೆಯಾಟದಲ್ಲಿ ಈ ಹೊಣೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನದು. ರಾಮ ರಾವಣರು ಬರುವ ಮುಂಚೆಯೇ ಪರದೆಗೆ ಬಂದು ಬೈದಾಡಿ, ಕುಣಿದು, ನಗಿಸಿ ಜಾಗ ಹದ ಮಾಡಿಕೊಡುವವರು ಅವರು.

ಪರಿಚಯದ ಈ ವಿಧಿಗೆ ಪ್ರಾಯೋಗಿಕ ಕಾರಣಗಳೂ ಇದ್ದವು. ರಾತ್ರಿಯ ಆಟಕ್ಕೆ ಜನ ಬರುತ್ತಾರೆ, ಎದ್ದು ಹೋಗುತ್ತಾರೆ, ನಿದ್ದೆ ಮಾಡಿ ಏಳುತ್ತಾರೆ. ಭಾಗವತರು ಪದದಲ್ಲಿ ಹೇಳಿದ್ದನ್ನು ಪಾತ್ರಧಾರಿ ಮಾತಿನಲ್ಲಿ ಮತ್ತೆ ಹೇಳುವುದು, ಸಾರಥಿ ಅದನ್ನೇ ಸೊಟ್ಟಗೆ ತಿರುಗಿಸಿ ಮೂರನೆಯ ಸಲ ಹೇಳುವುದು ಇಂಥ ಸಭೆಗೆ ಬೇಕೇ ಬೇಕು. ಟಿವಿ ಧಾರಾವಾಹಿಯಲ್ಲಿ ಒಂದು ಮುಖಭಾವವನ್ನು ಮೂರು ಸಲ ತೋರಿಸುವ ಚಾಳಿಯ ಬೇರು ಇಲ್ಲಿರಬಹುದು ಎಂದು ನನಗನ್ನಿಸುತ್ತದೆ, ಅಲ್ಲೂ ನೋಡುಗ ಒಲೆಯ ಮೇಲಿನ ಹಾಲು ನೋಡಿ ಬರಲು ಎದ್ದಿರುತ್ತಾನೆ. ಬಯಲಾಟದ ಮೂರನೆಯ ಸಲ ಹೊಸತೊಂದನ್ನು ಸೇರಿಸುತ್ತಿತ್ತು. ಟಿವಿಯ ಮೂರನೆಯ ಸಲ ಮೊದಲನೆಯದರ ಪ್ರತಿ.

ಕಂಪನಿ ನಾಟಕ ಬಂದಾಗ ಸಾರಥಿ ಹೋದ, ಅವನ ಕಸುಬು ಉಳಿಯಿತು. 1880ರ ದಶಕದ ಆರಂಭದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. 1884ರಲ್ಲಿ ಗುಬ್ಬಿ ಕಂಪನಿ ಶುರುವಾಯಿತು. ಮೈಸೂರಿನ ಎ.ವಿ. ವರದಾಚಾರ್ಯರ ಹಿರಣ್ಯಕಶಿಪು ದಂತಕಥೆಯಾಯಿತು. ಅರಮನೆ, ಕಾಡು, ಬೀದಿ, ಕೈಲಾಸಗಳ ಪರದೆಗಳು ಕೆಳಗಿಳಿದು ಮೇಲೇರತೊಡಗಿದವು. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಗುಬ್ಬಿ ವೀರಣ್ಣನವರು ರಂಗಕ್ಕೆ ತಂದಾಗ ನಿಜವಾದ ಆನೆ ಕುದುರೆಗಳೇ ಬಂದವು. ಇಷ್ಟೆಲ್ಲ ವೈಭವದ ನಡುವೆ ವೀರಣ್ಣನವರು ತಾವು ಉಳಿಸಿಕೊಂಡದ್ದು ಹಾಸ್ಯದ ಪಾತ್ರಗಳನ್ನು. ‘ಸದಾರಮೆ’ಯ ಕಳ್ಳನಾಗಿ ಅವರು ಗಳಿಸಿದ ಹೆಸರನ್ನು ಯಾವ ರಾಜಪಾತ್ರವೂ ಗಳಿಸಿಕೊಡಲಿಲ್ಲ. ಕಂಪನಿಯ ಮಾಲೀಕನೇ ವಿದೂಷಕನಾಗಿದ್ದ ಪರಂಪರೆ ನಮ್ಮದು ಎಂಬುದನ್ನು ರಂಗಚರಿತ್ರೆ ಬರೆದವರು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಹುಣಸೂರಿನ ಕೃಷ್ಣಮೂರ್ತಿ

ಊರಿನ ಹೆಸರನ್ನೇ ಹೆಸರಿಗೆ ಸೇರಿಸಿಕೊಂಡ ಹುಣಸೂರು ಕೃಷ್ಣಮೂರ್ತಿ (1914–1989) ರಂಗಭೂಮಿಯಿಂದ ಸಿನಿಮಾಕ್ಕೆ ಬಂದವರು. ಸಂಭಾಷಣೆ, ಹಾಡು, ನಿರ್ದೇಶನ ಮೂರನ್ನೂ ಒಬ್ಬರೇ ನಿಭಾಯಿಸಬಲ್ಲವರಾಗಿದ್ದರು. ‘ಶ್ರೀಕೃಷ್ಣ ಗಾರುಡಿ’ (1958), ‘ಆಶಾಸುಂದರಿ’ (1960), ‘ರತ್ನಮಂಜರಿ’ (1962), ‘ವೀರಸಂಕಲ್ಪ’ (1964), ‘ಸತ್ಯಹರಿಶ್ಚಂದ್ರ’ (1965), ‘ಜಗ ಮೆಚ್ಚಿದ ಮಗ’ (1972), ‘ಭಕ್ತ ಕುಂಬಾರ’ (1974), ‘ಬಭ್ರುವಾಹನ’ (1977): ಪಟ್ಟಿಯನ್ನು ನೋಡಿದರೆ ಪುರಾಣ ಮತ್ತು ಜಾನಪದ ಸಾಹಸಕಥೆಗಳ ನಡುವೆ ಅವರಿಗೆ ಗೆರೆಯೇ ಇರಲಿಲ್ಲವೆಂದು ತಿಳಿಯುತ್ತದೆ. ಕನ್ನಡದ ಪೌರಾಣಿಕ ಚಿತ್ರಗಳ ಚರ್ಚೆ ನಟನ ಸುತ್ತಲೇ ಸುತ್ತಿ, ರಾಜ್‌ಕುಮಾರರ ನೆರಳಿನಲ್ಲಿ ಈ ನಿರ್ದೇಶಕ ಮಸುಕಾಗಿದ್ದಾರೆ.

‘ಶ್ರೀಕೃಷ್ಣ ಗಾರುಡಿ’ಯ ಕಥೆಯಲ್ಲಿ ಗೆದ್ದ ಪಾಂಡವರ ಹಮ್ಮು ಇಳಿಸಲು ಕೃಷ್ಣನೇ ಗಾರುಡಿಗನ ವೇಷ ಹಾಕುತ್ತಾನೆ. ಇದು ಕಂಪನಿ ನಾಟಕಗಳ ಕಾಲದಿಂದಲೂ ಜನ ಮೆಚ್ಚಿದ ಕಥೆ. ದೇವರೇ ಬೀದಿಯ ಕಣ್ಕಟ್ಟಿನವನಾಗಿ ವೀರರನ್ನು ಕುಣಿಸಿದಾಗ ಯಾರೂ ನೊಂದುಕೊಳ್ಳಲಿಲ್ಲ. ಗೇಲಿಯ ಗುರಿ ಭಕ್ತಿಯಲ್ಲ, ಬಾಹುಬಲ ಎಂಬುದು ಟಿಕೆಟ್ ಕೊಂಡು ಕುಳಿತವನಿಗೆ ಸ್ಪಷ್ಟವಾಗಿತ್ತು.

‘ಸತ್ಯಹರಿಶ್ಚಂದ್ರ’ ಅವರ ಕೌಶಲದ ತುದಿ. ನಿರ್ಮಾಪಕ ಕೆ.ವಿ. ರೆಡ್ಡಿ, ‘ಮಾಯಾಬಜಾರ್’ (1957) ಮಾಡಿದವರು. ಎನ್.ಟಿ. ರಾಮರಾವ್ ಅಭಿನಯಿಸಿದ ತೆಲುಗು ರೂಪವೂ ಅದೇ ವರ್ಷ ಬಂತು. ಕನ್ನಡ ಚಿತ್ರಕ್ಕೆ ರಾಷ್ಟ್ರಪತಿಗಳ ಬೆಳ್ಳಿ ಪದಕ ಬಂತು, 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಲಾಯಿತು. ಈ ಚಿತ್ರದಲ್ಲಿ ನನ್ನ ಗಮನ ಇರುವುದು ನಕ್ಷತ್ರಿಕನ ಮೇಲೆ. ರಾಜ್ಯ ಕಳೆದುಕೊಂಡ ಅರಸನ ಬೆನ್ನು ಬಿದ್ದು ವಿಶ್ವಾಮಿತ್ರನ ಸಾಲ ವಸೂಲಿಗೆ ಕಾಡುವ ಶಿಷ್ಯ ಅವನು. ನರಸಿಂಹರಾಜು ಆ ಪಾತ್ರವನ್ನು ನಗಿಸುತ್ತಲೇ ಹಿಂಸೆ ಕೊಡುವ ಹಾಗೆ ಕಟ್ಟಿದರು. ನೋಡುಗ ಮೊದಲು ನಗುತ್ತಾನೆ, ನಗುತ್ತ ನಗುತ್ತ ತಾನು ಯಾರ ಪಾಡಿಗೆ ನಗುತ್ತಿದ್ದೇನೆಂದು ಅವನಿಗೆ ತಿಳಿಯುತ್ತದೆ. ಹರಿಶ್ಚಂದ್ರನ ಸತ್ಯದ ತೂಕ ಗೊತ್ತಾಗುವುದೇ, ‘ಒಂದು ಸುಳ್ಳು ಹೇಳಿಬಿಟ್ಟರೆ ಮುಗಿಯಿತಲ್ಲ’ ಎಂಬ ಸಾಮಾನ್ಯನ ವಿವೇಕ ಎದುರಿಗೆ ನಿಂತಾಗ. ಕುಂದಲತೆಯ ಜಾಗದಲ್ಲಿ ಇಲ್ಲಿ ನಕ್ಷತ್ರಿಕ ನಿಂತಿದ್ದಾನೆ. ಇನ್ನೊಂದು ತುದಿಯಲ್ಲಿ ಸ್ಮಶಾನದ ವೀರಬಾಹುವಾಗಿ ಮೈಸೂರಿನ ಎಂ.ಪಿ. ಶಂಕರ್. ಅವನು ಹೆಜ್ಜೆ ಹಾಕುತ್ತ ಕುಲದ ಹೆಚ್ಚುಗಾರಿಕೆಯನ್ನೇ ಪ್ರಶ್ನಿಸುವ ಹಾಡನ್ನು ಬರೆದವರೂ ಕೃಷ್ಣಮೂರ್ತಿಗಳೇ. ಚಕ್ರವರ್ತಿಯ ಕಥೆಯ ನಟ್ಟನಡುವೆ ಈ ಮಾತು ಹೇಳುವ ಹಕ್ಕನ್ನು ಚಿತ್ರ ಹೆಣ ಸುಡುವವನಿಗೆ ಕೊಟ್ಟಿದೆ.

‘ಬಭ್ರುವಾಹನ’ದ ಮೂಲಕಥೆ ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಕನ್ನಡಿಗರಿಗೆ ಚಿರಪರಿಚಿತ. ಭೀಷ್ಮನ ಸಾವಿಗೆ ನೊಂದ ಗಂಗೆ ಅರ್ಜುನನಿಗೆ ಮಗನಿಂದಲೇ ಸಾವೆಂದು ಶಪಿಸುತ್ತಾಳೆ. ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ತಂದೆಯೆಂದು ಕಾಣಿಕೆ ಹಿಡಿದು ಬಂದ ಮಗನನ್ನು ಅರ್ಜುನ ಜರೆಯುತ್ತಾನೆ, ಯುದ್ಧವಾಗುತ್ತದೆ, ಅರ್ಜುನ ಮಡಿಯುತ್ತಾನೆ, ನಾಗಲೋಕದ ಮಣಿಯಿಂದ ಮತ್ತೆ ಏಳುತ್ತಾನೆ. ಶಾಪ, ಗುರುತು ತಪ್ಪುವಿಕೆ, ಮರಣ, ಪುನರ್ಜೀವನ ಸಾಲಾಗಿ ಬರುತ್ತವೆ. ಕೃಷ್ಣಮೂರ್ತಿ ಮಾಡಿದ ಚಮತ್ಕಾರವೆಂದರೆ ತಂದೆ ಮಗ ಎರಡೂ ಪಾತ್ರವನ್ನು ರಾಜ್‌ಕುಮಾರರಿಗೇ ಕೊಟ್ಟು, ಬಾಣಗಳಿಗೆ ಮುಂಚೆ ಹಾಡಿನಲ್ಲೇ ಅವರನ್ನು ಬೈದಾಡಿಸಿದ್ದು. ಮಗ ಅಪ್ಪನ ಪರಾಕ್ರಮದ ಕಥೆಗಳನ್ನು ಒಂದೊಂದಾಗಿ ಎತ್ತಿ ಹಂಗಿಸುತ್ತಾನೆ. ಮಹಾಭಾರತದ ನಾಯಕನ ಸಾಹಸಗಳನ್ನು ಅನುಮಾನದ ಕಣ್ಣಿನಿಂದ ಮತ್ತೆ ಓದುವ ಕೆಲಸ ಆ ಹಾಡಿನಲ್ಲಿ ಆಗುತ್ತದೆ. ಬಯಲಾಟದ ಸಾರಥಿ ಒಡ್ಡೋಲಗದಲ್ಲಿ ಮಾಡುತ್ತಿದ್ದ ತನಿಖೆ ಮಗನ ಬಾಯಿಗೆ ಬಂದಿದೆ. ಹಳ್ಳಿಯ ಜಾತ್ರೆಗಳಲ್ಲಿ ಈ ಹಾಡು ಇನ್ನೂ ಮೊಳಗುವುದಕ್ಕೆ ರಾಗದ ಜೊತೆಗೆ ಈ ಮೊನಚೂ ಕಾರಣ.

ಪೆಟ್ಟಿಗೆಯೊಳಗಿನ ದೇವರು

ರಾಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಬಂತು. ಹಿಂದಿ ಬಾರದ ಮನೆಗಳಲ್ಲೂ ಜನ ಅದನ್ನು ನೋಡಿದರು, ಕಥೆ ಬಾಯಿಪಾಠವಾಗಿದ್ದವರಿಗೆ ಭಾಷೆಯ ಹಂಗಿರಲಿಲ್ಲ. 1988ರ ಅಕ್ಟೋಬರ್‌ನಲ್ಲಿ ಬಿ.ಆರ್. ಚೋಪ್ರಾರ ‘ಮಹಾಭಾರತ’ ಶುರುವಾಯಿತು. ಮೈಸೂರಿಗೆ ಟಿವಿಯ ವೇಷಭೂಷಣದ ಸಾಹಸಕಥೆ ನೇರವಾಗಿ ಬಂದದ್ದು ದುರಂತದ ರೂಪದಲ್ಲಿ. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಮಂದಿ ಸತ್ತರು. ಹುಣಸೂರು ಕೃಷ್ಣಮೂರ್ತಿ ತೀರಿಕೊಂಡು ಆಗಿನ್ನೂ ತಿಂಗಳೂ ತುಂಬಿರಲಿಲ್ಲ.

ಕನ್ನಡ ವಾಹಿನಿಗಳ ದೊಡ್ಡ ಪೌರಾಣಿಕ ಧಾರಾವಾಹಿಗಳು ಬಹಳ ತಡವಾಗಿ ಬಂದವು. 2016ರ ‘ಹರ ಹರ ಮಹಾದೇವ’ ಮತ್ತು 2017ರ ‘ಶನಿ’ ಎರಡೂ ಹಿಂದಿ ಮೂಲಗಳ ಕನ್ನಡ ರೂಪಗಳು. ಜೀ ಕನ್ನಡದ ‘ಉಘೇ ಉಘೇ ಮಾದೇಶ್ವರ’ ಮಾತ್ರ ಈ ನೆಲದ ಕಾವ್ಯವನ್ನೇ ಎತ್ತಿಕೊಂಡಿತು. 2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣ ಹಿಂದಿಯ ‘ಮಹಾಭಾರತ’ವನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸಿತು. ಇವುಗಳಲ್ಲಿ ವರ, ಸಂದು, ಹುಸಿರೂಪ, ಮರಳಿ ಬರುವ ಮೃತರು ಎಲ್ಲವೂ ಇವೆ. ಗ್ರಾಫಿಕ್ಸ್‌ನ ಬೆಂಕಿ, ಹೊಗೆ ಹೇರಳವಾಗಿವೆ. ಆದರೆ ಎಲ್ಲರೂ ಒಂದೇ ಗ್ರಾಂಥಿಕ ಕನ್ನಡ ಮಾತನಾಡುತ್ತಾರೆ: ಇಂದ್ರನೂ ಅದನ್ನೇ, ಇಂದ್ರನ ಬಾಗಿಲು ಕಾಯುವವನೂ ಅದನ್ನೇ. ಎರಡು ಭಾಷೆಗಳ ಘರ್ಷಣೆಯಿಂದ ಹುಟ್ಟುತ್ತಿದ್ದ ಕಿಡಿ ಆರಿದೆ. ನಾರದ ಉಳಿದಿದ್ದಾನಲ್ಲ ಎನ್ನಬಹುದು. ಅವನು ಜಗಳ ಹಚ್ಚುವವನು, ದೇವಲೋಕದ ಒಳಗಿನವನು. ಕೂತು ನೋಡುವವನ ಪರವಾಗಿ ಅವನು ಏನನ್ನೂ ಕೇಳುವುದಿಲ್ಲ.

ಇದೇ ಬಗೆಯ ಹೊರನಾಡಿನ ಸರಣಿಯೊಂದರ ಜೊತೆ ಹೋಲಿಸಿದರೆ ಈ ಕೊರತೆ ಎದ್ದು ಕಾಣುತ್ತದೆ. ನ್ಯೂಜಿಲೆಂಡಿನಲ್ಲಿ ಚಿತ್ರೀಕರಣಗೊಂಡ ‘ಝೀನಾ: ವಾರಿಯರ್ ಪ್ರಿನ್ಸೆಸ್’ (1995–2001) ಗ್ರೀಕ್ ದೇವತೆಗಳನ್ನೂ ಸೀಸರನನ್ನೂ ಒಂದೇ ಕಾಲಕ್ಕೆ ತಂದು, ನಾಯಕಿಯನ್ನು ಕೊಂದು ಬದುಕಿಸಿ, ಎಡವುವ ವಿದೂಷಕನೊಬ್ಬನನ್ನು ಪಕ್ಕದಲ್ಲಿಟ್ಟು, ತನ್ನ ಅತಿಯನ್ನು ತಾನೇ ನೋಡಿ ನಗುತ್ತಿತ್ತು. 1999ರ ಒಂದು ಕಂತಿನಲ್ಲಿ ಅದು ಕೃಷ್ಣ ಮತ್ತು ಹನುಮಂತರನ್ನು ತಂದಾಗ ಹಿಂದೂ ಸಂಘಟನೆಗಳು ಪ್ರತಿಭಟಿಸಿದವು. ಕಂತನ್ನು ಹಿಂತೆಗೆದು, ತಿದ್ದಿ, ಸ್ಪಷ್ಟೀಕರಣದ ಜೊತೆ ಮತ್ತೆ ತೋರಿಸಬೇಕಾಯಿತು. ಗಾರುಡಿಗ ಕೃಷ್ಣನನ್ನು ನೋಡಿ ನಕ್ಕವರ ಮೊಮ್ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ನಗುವ ಹಕ್ಕು ಕೊಡುವುದು ಕಥೆಯಲ್ಲ, ಸಭೆ. ಹೂಂಗುಟ್ಟುವವನೂ ಗೇಲಿ ಮಾಡುವವನೂ ಅದೇ ಕೇರಿಯವನಾಗಿದ್ದಾಗ ಸಿಗುವ ಸಲುಗೆ ಕಡಲಾಚೆಯ ಸ್ಟುಡಿಯೋಗೆ ಸಿಗದು. ಮುಂಬೈಯಲ್ಲಿ ಕಟ್ಟಿದ ಕಥೆಯನ್ನು ತಂದು ಹೇಳುವ ನಮ್ಮ ವಾಹಿನಿಗಳ ಮಿತಿಮೀರಿದ ಗಾಂಭೀರ್ಯಕ್ಕೂ ಇದೇ ಕಾರಣವಿರಬೇಕು. ಸಭೆ ಎದುರಿಗಿಲ್ಲ, ಯಾರು ಯಾವ ನಗುವಿಗೆ ನೋಯುತ್ತಾರೋ ತಿಳಿಯದು. ಹಾಗಾಗಿ ಯಾರೂ ನಗದಿರುವುದೇ ಕ್ಷೇಮ.

ಇಷ್ಟರ ನಡುವೆ ಈ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಸೀನರಿ, ಲೈಟು, ಕಿರೀಟ ಬಾಡಿಗೆಗೆ ಬರುತ್ತವೆ. ದ್ರೌಪದಿ, ಉತ್ತರೆಯರ ಪಾತ್ರಕ್ಕೆ ವೃತ್ತಿಕಲಾವಿದೆಯರನ್ನು ಕರೆಸುತ್ತಾರೆ. ಪಾತ್ರಧಾರಿಗೆ ಸಂಬಳವಿಲ್ಲ, ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರ ಬೆಲೆ ಹೆಚ್ಚು. ಬೇಡಿಕೆ ತೀರಿಸಲು ಒಂದೇ ‘ಕುರುಕ್ಷೇತ್ರ’ದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ಪಾತ್ರವನ್ನು ಹಂಚುತ್ತಾರೆ. ಸಂಧಾನಕ್ಕೆ ಹೋದ ಕೃಷ್ಣ ಕುಳ್ಳಗೆ, ಗೀತೆ ಬೋಧಿಸುವ ಕೃಷ್ಣ ಎತ್ತರಕ್ಕೆ ಇರುತ್ತಾನೆ. ಧಾರಾವಾಹಿಯಲ್ಲಿ ನಟ ಬದಲಾದರೆ ವಾಹಿನಿ ಪರದೆಯ ಕೆಳಗೆ ಸೂಚನೆ ಹಾಕುತ್ತದೆ, ಇಲ್ಲವೇ ಪಾತ್ರಕ್ಕೆ ಅಪಘಾತ ಮಾಡಿಸಿ ಮುಖವನ್ನೇ ಬದಲಿಸುತ್ತದೆ. ಇಲ್ಲಿ ಮೈಕಿನವನು ಮುಂದಿನ ಕೃಷ್ಣನ ಹೆಸರನ್ನೂ ಅವನ ಅಪ್ಪನ ಹೆಸರನ್ನೂ ಕೂಗುತ್ತಾನೆ, ಬಂಧುಗಳು ವೇದಿಕೆಗೆ ಹತ್ತಿ ಹಾರ ಹಾಕುತ್ತಾರೆ. ಅರ್ಜುನ ರಥದ ಮೇಲೆ ಅಷ್ಟು ಹೊತ್ತೂ ಬಿಲ್ಲು ಹಿಡಿದು ಕಾಯುತ್ತಾನೆ.